ಬಸಿ ತುಂಬ ಚಹಾ

ಹೆಂಡತಿ ಇಶ್ರತ ತನ್ನ ಅಂಗಿಗೆ ಇಸ್ತ್ರಿ ಮಾಡುತ್ತಿರುವುದನ್ನು ನೋಡಲಾಗದೆ ಸಾಬೀರ ಹಿತ್ತಲಿಗೆ ಬಂದು ನಿಂತ. ಮದುವೆಯಾಗಿ ಇಷ್ಟು ವರ್ಷವಾದರೂ ಅವಳು ಅವನ ಅಂಗಿಗೆ ಇಸ್ತ್ರಿ ಮಾಡಿದ್ದೇ ಇಲ್ಲ ಅನ್ನಬೇಕು. ಗ್ಯಾರೇಜಿನಲ್ಲಿ ಗ್ರೀಸು ಮೆತ್ತಿಸಿಕೊಳ್ಳುವ ಅಂಗಿಗೆ ಅದೆಲ್ಲ ಯಾಕೆ ಎಂದು ಅವಳೇ ಒಮ್ಮೆ ನಕ್ಕಿದ್ದಳು. ಈಗ ಕಾಲರಿನ ಮೇಲೆ ನೀರು ಚಿಮುಕಿಸಿ, ತೀಡಿ, ದೂರ ಹಿಡಿದು ನೋಡಿ, ಮತ್ತೆ ತೀಡುತ್ತ ತನ್ನಷ್ಟಕ್ಕೆ ನಗುತ್ತಿದ್ದಳು. ಸಂಜೆ ಸಮುದಾಯ ಭವನದಲ್ಲಿ ಅವನಿಗೆ ಸನ್ಮಾನ. ಕ್ರಿಸ್ಮಸ್ಸಿನ ಹಿಂದಿನ ದಿನ ಸಾಂತಾ ವೇಷದಲ್ಲಿ ಮನೆಯೊಳಗೆ ಬಂದು ಕೂತ ಕೊಲೆಗಾರನ ಎದುರು, ಅವನ ತೊಡೆಯ ಮೇಲೆ ಸ್ವಂತ ಮಗಳೇ ಕೂತಿರುವಾಗ, ಎದೆಗುಂದದೆ, ಉಸಿರೆತ್ತದೆ ಕೂತು ಮಗಳ ಜೀವ ಉಳಿಸಿಕೊಂಡ ಧೀರ ಎಂದು ದಾಂಡೇಲಿಯ ಜನ ಅವನಿಗೆ ಶಾಲು ಹೊದಿಸುವವರಿದ್ದರು. ಉಸಿರೆತ್ತದೆ ಕೂತದ್ದು ಖರೆ. ಉಳಿದದ್ದೆಲ್ಲ ಸುಳ್ಳು. ಅದು ಅವನಿಗೆ ಗೊತ್ತು, ಅವನ ತಾಯಿ ಅಮೀರುನ್ನಿಸಾಗೆ ಗೊತ್ತು.

ಹಿತ್ತಲಿನ ತಂತಿಯ ಮೇಲೆ ಅವನ ಕಂದು ಪ್ಯಾಂಟು ಒಣಗುತ್ತಿತ್ತು. ಆ ದಿನದ್ದು. ತಾಯಿ ಅದನ್ನು ಈ ವಾರದಲ್ಲಿ ಎಷ್ಟು ಸಲ ಒಗೆದಿದ್ದಾಳೋ. ಚಹಾದ ಕಲೆ ಹೋಗಿಲ್ಲ ಎಂದು ಎಲ್ಲರೆದುರು ಗೊಣಗುತ್ತ ಒಗೆಯುತ್ತಾಳೆ, ಓಣಿಗೆ ಕೇಳುವಂತೆ ಗೊಣಗುತ್ತಾಳೆ. ಸಾಬೀರ ಪ್ಯಾಂಟಿನಿಂದ ಕಣ್ಣು ತೆಗೆದ. ಮಿಲ್ಲಿನ ಭೋಂಗಾ ಕೂಗಿತು, ಮೊದಲ ಪಾಳಿಯವರ ಸೈಕಲ್ಲು ಬೈಕುಗಳು ಓಣಿಯಲ್ಲಿ ಸರಿದು ಹೋದವು. ಒಬ್ಬ ಬೈಕು ನಿಧಾನ ಮಾಡಿ ಬೇಲಿಯ ಮೇಲಿಂದ ಕೈ ಎತ್ತಿದ. "ಏನ್ ಗುಂಡಿಗಿ ರೀ ಸಾಬೀರಭಾಯಿ ನಿಮ್ದು! ನಾವಾಗಿದ್ರ ಹೊಯ್ಕೊಂಡು ಎಲ್ಲಾ ಕೆಡಿಸಿಬಿಡ್ತಿದ್ವಿ." ಸಾಬೀರನೂ ಕೈ ಎತ್ತಿದ. ವಾರವಿಡೀ ಹೀಗೇ. ಪಂಕ್ಚರ್ ಆಗದ ಗಾಡಿಯನ್ನೂ ಗ್ಯಾರೇಜಿಗೆ ತಂದು ನಿಲ್ಲಿಸಿ ಅವನನ್ನು ನೋಡಿಕೊಂಡು ಹೋದವರಿದ್ದಾರೆ. ಮೂವತ್ತೆಂಟು ದಾಟಿದ ತನ್ನನ್ನು ಈವರೆಗೆ ಯಾರೂ ಹೀಗೆ ಮುಖವೆತ್ತಿ ನೋಡಿರಲಿಲ್ಲ. ನಾಚಿಕೆಯ ಸಂಗತಿಯೆಂದರೆ ಅದು ಅವನಿಗೆ ಹಿಡಿಸಿತ್ತು. ಮೊನ್ನೆ ಯಾರದೋ ಸ್ಕೂಟರಿನ ಕನ್ನಡಿ ಬಿಗಿಯುವಾಗ ಅದರೊಳಗೆ ತನ್ನ ಮುಖವನ್ನು ಇದು ಧೀರನ ಮುಖ ಇರಬಹುದೇ ಎಂದು ತಿರುಗಿಸಿ ತಿರುಗಿಸಿ ನೋಡಿದ್ದ. ಗಿರಾಕಿ ಕೆಮ್ಮಿದಾಗ ಬೆಚ್ಚಿ, ನಟ್ಟು ಬಿಗಿಯುವ ಪಾನಾವನ್ನು ಕೆಳಗೆ ಬೀಳಿಸಿದ್ದ.

ಎಲ್ಲ ತಡೆದುಕೊಳ್ಳಬಹುದು, ಮಗಳು ಸಾಯಿಮಾ ಒಬ್ಬಳನ್ನು ಬಿಟ್ಟು. ಶಾಲೆಯಲ್ಲಿ ಎರಡನೆಯ ಇಯತ್ತೆಯ ಹುಡುಗಿ. ಸಂಜೆ ಮುಂದಿನ ಸಾಲಿನಲ್ಲಿ ಕೂರುತ್ತಾಳೆ. ದೊಡ್ಡ ದೊಡ್ಡ ಮಾತಿನಲ್ಲಿ ತನ್ನ ಅಪ್ಪನ ಧೈರ್ಯದ ವರ್ಣನೆ ಕೇಳುತ್ತಾಳೆ, ನಂಬುತ್ತಾಳೆ. ನಾಳೆ ಖರೇನೇ ಏನಾದರೂ ಬಂದಾಗ, ನಾಯಿಯೋ, ಬೆಂಕಿಯೋ, ಮತ್ತೊಬ್ಬ ಅಂಥವನೋ, ಅವಳು ಬೇರೆಲ್ಲೂ ಹೋಗದೆ ಓಡಿ ಬರುವುದು ತನ್ನ ಹತ್ತಿರವೇ. ಇಲ್ಲದ ಅಪ್ಪನ ಹತ್ತಿರ ಓಡಿ ಬರುವ ಮಗುವಿನ ಗತಿ ಏನು? ಹೇಳಿಬಿಡಬೇಕು. ಮೈಕಿನಲ್ಲಿಯೇ ಹೇಳಿಬಿಡಬೇಕು. ಹೇಳಿದರೆ ತಾಯಿ ಸುಳ್ಳುಗಾರಳಾಗುತ್ತಾಳೆ. ಪೊಲೀಸರ ಎದುರು, ನೆರೆದ ಓಣಿಯ ಎದುರು ಅವಳು ಸೆರಗು ಸರಿಮಾಡಿಕೊಂಡು ಹೇಳಿದ್ದಳು: "ನನ್ನ ಮಗಾ ಕಣ್ಣಸನ್ನಿ ಮಾಡಿದಾ ಸಾಹೇಬ್ರ, ಸುಮ್ಮನಿರು ಅಂತ. ಅವಾ ಹೇಳಿದಂಗ ನಾ ಮಾಡಿದೆ."

ಒಳಗಿನಿಂದ ಇಶ್ರತ ಕೂಗಿದಳು. "ಸ್ನಾನಕ್ಕ ನೀರು ಕಾದಾವ, ಬರ್ರಿ." ಬರ್ರಿ ಎಂದಳು. ಹಿಂದಿನ ವಾರದವರೆಗೆ ಬಾ ಅನ್ನುತ್ತಿದ್ದವಳು. ತಂಗಿಯ ಹೆರಿಗೆಗೆಂದು ಮುಂಡಗೋಡಕ್ಕೆ ಹೋಗಿದ್ದ ಅವಳು ಆ ಸಂಜೆ ಮನೆಯಲ್ಲಿರಲಿಲ್ಲ. ಮರುದಿನ ಮೊದಲ ಬಸ್ಸಿಗೆ ಬಂದು, ಬಾಗಿಲಲ್ಲೇ ಅವನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡು ಅತ್ತಿದ್ದಳು. ಇದೇ ಕೈ. ಇದೇ ಕೈಯಿಂದ ಅವನು ಮಗಳನ್ನು ಎತ್ತಿ ಆ ಮನುಷ್ಯನ ತೊಡೆಯ ಮೇಲೆ ಕೂರಿಸಿದ್ದ.

ಆ ಓಣಿಯ ಪದ್ಧತಿಯೇ ಹಾಗಿತ್ತು. ಕ್ರಿಸ್ಮಸ್ ಬಂತೆಂದರೆ ಪೆದ್ರುವಿನ ಹಾಡಿನ ಮೇಳ ಡೋಲು, ಗಿಟಾರು ಹಿಡಿದು ಮಿಲ್ಲಿನ ಸುತ್ತಿನ ಓಣಿಗಳನ್ನೆಲ್ಲ ತಿರುಗುತ್ತದೆ. ಮೇಳ ಒಂದು ಓಣಿಯಲ್ಲಿ ಹಾಡುತ್ತಿರುವಾಗ ಸಾಂತಾ ಒಬ್ಬನೇ ಮುಂದಿನ ಓಣಿಗೆ ಬಂದು, ಮೇಳ ಬರಲಿದೆ ಎಂದು ಗಂಟೆ ಬಾರಿಸಿ ಮನೆಯವರಿಗೆ ಗೊತ್ತುಮಾಡಬೇಕು. ಅವನು ಬಾಯಿ ಬಿಡುವಂತಿಲ್ಲ. ನೀ ಯಾರು ಎಂದು ಅವನನ್ನು ಕೇಳುವಂತಿಲ್ಲ. ಕೇಳಿದವರ ಮನೆಗೆ ಮರುವರ್ಷ ಸಾಂತಾ ಬರುವುದಿಲ್ಲ. ಮುಖವಾಡದ ಹಿಂದೆ ಇರುವವನು ಮಿಲ್ಲಿನ ಪುಂಡಲೀಕ ಎನ್ನುವುದು ಓಣಿಯ ನಾಯಿಗಳಿಗೂ ಗೊತ್ತು, ಆದರೂ ಯಾರಿಗೂ ಗೊತ್ತಿಲ್ಲದಂತೆ ನಟಿಸುವುದೇ ಹಬ್ಬದ ಸೊಗಸು. ಹಿಂದೂ ಮನೆಯಿರಲಿ, ಮುಸಲ್ಮಾನರ ಮನೆಯಿರಲಿ, ಇದ್ದುದರಲ್ಲಿ ಒಳ್ಳೆಯ ಕುರ್ಚಿ ಹಾಕಿ, ಮನೆಯ ಸಣ್ಣ ಕೂಸನ್ನು ಅವನ ತೊಡೆಯ ಮೇಲೆ ಕೂರಿಸಬೇಕು. ಕೂಸಿಗೆ ವರ್ಷವಿಡೀ ಜಡ್ಡು ಬರುವುದಿಲ್ಲವಂತೆ. ಸಾಬೀರನನ್ನೂ ಚಿಕ್ಕವನಿದ್ದಾಗ ಅಮೀರುನ್ನಿಸಾ ಹಾಗೇ ಕೂರಿಸಿದ್ದಳು.

ಆ ದಿನ ಸಂಜೆಯ ಮಗ್ರಿಬ್ ನಮಾಜು ಮುಗಿದು ಸ್ವಲ್ಪ ಹೊತ್ತಾಗಿತ್ತು. ಬಾಗಿಲಲ್ಲಿ ಕೆಂಪು ನಿಲುವಂಗಿ ಕಂಡಿತು. ಗಂಟೆಯ ಸದ್ದು ಬರಲಿಲ್ಲವಲ್ಲ ಎಂದು ಸಾಬೀರನಿಗೆ ಅನ್ನಿಸಿದ್ದು ನಿಜ. ಪುಂಡಲೀಕ ಈ ವರ್ಷ ಸ್ವಲ್ಪ ಇಳಿದುಹೋಗಿದ್ದಾನಲ್ಲ ಎಂದೂ ಅನ್ನಿಸಿತು. ಕೇಳುವಂತಿಲ್ಲವಲ್ಲ. ಕೇಳದೆ ಇರುವುದರಲ್ಲೇ ಒಂದು ಜಾಣತನದ ಖುಷಿಯಿತ್ತು. ಬಂದವನು ಹೊಸ್ತಿಲಲ್ಲಿ ಹಿಂದೆ ಮುಂದೆ ನೋಡುತ್ತ ನಿಂತಿದ್ದ, ಒಳಗೆ ಬರಬೇಕೋ ಬೇಡವೋ ಎಂಬಂತೆ. ಸಾಬೀರನೇ ಹೋಗಿ ಅವನ ತೋಳು ಹಿಡಿದು "ಬರ್ರಿ ಬರ್ರಿ ಸಾಂತಾ, ನಮ್ಮನಿ ಮರತ್ರೇನು?" ಎಂದು ಎಳೆದು ತಂದ. ಕುರ್ಚಿ ಹಾಕಿದ. ಸಾಯಿಮಾ ಕುಣಿಯುತ್ತ ಬಂದಳು. ಅವಳ ಕಂಕುಳಲ್ಲಿ ಕೈ ಹಾಕಿ ಎತ್ತಿ, ಕೂರಿಸಿ, ಫ್ರಾಕು ಕೂಡ ಸರಿಮಾಡಿ, ತಾನು ಎದುರಿನ ಕುರ್ಚಿಯಲ್ಲಿ ಕೂತು ಫೋಟೋ ತೆಗೆಯಲೆಂದು ಮೊಬೈಲು ಹೊರತೆಗೆದ.

ಮೊಬೈಲಿನಲ್ಲಿ ಗ್ಯಾರೇಜಿನವರ ಗುಂಪಿಗೆ ಒಂದು ಫೋಟೋ ಬಂದಿತ್ತು, ಅದರ ಕೆಳಗೆ ಸುದ್ದಿ ಬರೆದಿತ್ತು: ಕೋಗಿಲಬನದ ಕಡೆಯ ಒಂದು ರೆಸಾರ್ಟಿನಲ್ಲಿ ಪ್ರವಾಸಿಗಳ ಮಕ್ಕಳಿಗಾಗಿ ಸಾಂತಾ ವೇಷ ಹಾಕಲು ಕರೆಸಿದವನು ಮಧ್ಯಾಹ್ನ ಅಲ್ಲಿಯ ಮ್ಯಾನೇಜರನನ್ನು ಇರಿದು ಕೊಂದಿದ್ದಾನೆ, ವೇಷದಲ್ಲಿಯೇ ಓಡಿಹೋಗಿದ್ದಾನೆ, ಚಾಕು ಅವನ ಹತ್ತಿರವೇ ಇದೆ, ಯಾರೂ ಬಾಗಿಲು ತೆಗೆಯಬೇಡಿರಿ. ಫೋಟೋದಲ್ಲಿ ಮಕ್ಕಳ ನಡುವೆ ನಿಂತ ಸಾಂತಾನ ಟೊಪ್ಪಿಗೆಗೆ ಗೊಂಡೆ ಇರಲಿಲ್ಲ. ಎದುರಿಗಿದ್ದ ಸಾಂತಾನ ಟೊಪ್ಪಿಗೆಗೂ ಗೊಂಡೆ ಇರಲಿಲ್ಲ. ಊರಲ್ಲಿ ಅಂದು ಸಂಜೆ ಎಷ್ಟೋ ಸಾಂತಾಗಳು ತಿರುಗುತ್ತಿದ್ದರು, ಕೆಂಪು ಅಂಗಿಯವನನ್ನು ಯಾರೂ ತಿರುಗಿ ನೋಡುವಂತಿರಲಿಲ್ಲ. ಕೆಂಪಿನ ಮೇಲೆ ರಕ್ತವೂ ಕಾಣುವುದಿಲ್ಲ. ತೋಳಿನ ತುದಿಯ ಬಿಳಿ ಅರಳೆಯ ಮೇಲೆ ಮಾತ್ರ ಕಂದು ಬಣ್ಣದ ಗಟ್ಟಿ ಕಲೆ. ಸಾಬೀರ ತಲೆ ಎತ್ತಿದ. ಪ್ಲಾಸ್ಟಿಕ್ಕಿನ ಗುಲಾಬಿ ಮುಖ ನಗುತ್ತಿತ್ತು. ಅದರ ತೂತುಗಳಲ್ಲಿ ಎರಡು ಕಣ್ಣು ಅವನ ಮೊಬೈಲನ್ನೇ ನೋಡುತ್ತಿದ್ದವು. ಎಡಗೈ ಸಾಯಿಮಾಳ ಹೊಟ್ಟೆಯನ್ನು ಬಳಸಿತ್ತು. ಬಲಗೈ ಕಾಲ ಬಳಿಯ ಚೀಲದೊಳಗೆ ಹೋಗಿತ್ತು, ಅಲ್ಲೇ ಇತ್ತು.

ಏಳು, ಎಂದು ಸಾಬೀರ ತನಗೆ ಹೇಳಿಕೊಂಡ. ಕಾಲುಗಳು ಬೇರೆ ಯಾರವೋ ಆಗಿದ್ದವು. ಕೂಗು, ಎಂದುಕೊಂಡ. ನಾಲಗೆ ಒಣಗಿ ಅಂಗುಳಕ್ಕೆ ಅಂಟಿತ್ತು. ಆ ಹೊತ್ತಿನಲ್ಲಿ ಅವನ ತಲೆಯಲ್ಲಿ ಓಡಿದ್ದು ಏನು? ಮಗಳಲ್ಲ. ಪೆಟ್ರೋಲಿನಲ್ಲಿ ನೆನೆಹಾಕಿ ಬಂದಿದ್ದ ಒಂದು ಕಾರ್ಬೊರೇಟರು. ಅದನ್ನು ಮುಚ್ಚಿಟ್ಟೆನೋ ಇಲ್ಲವೋ, ಮುಚ್ಚಿಟ್ಟೆನೋ ಇಲ್ಲವೋ. ಎಷ್ಟು ಹೊತ್ತು ಹಾಗೆ ಕೂತಿದ್ದನೋ. ತೊಡೆಯ ನಡುವೆ ಬೆಚ್ಚಗಾಯಿತು. ಆ ಬಿಸುಪು ನಿಧಾನವಾಗಿ ಕುರ್ಚಿಯ ಮೇಲೆ ಹರಡಿತು, ಮತ್ತು ಒಂದು ಕ್ಷಣ, ಥೂ, ಒಂದು ಕ್ಷಣ ಅವನಿಗೆ ಹಾಯೆನಿಸಿತು.

ಅಮೀರುನ್ನಿಸಾ ಚಹಾದ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದಳು. ಓದು ಬಾರದವಳು, ಮೊಬೈಲು ನೋಡಿದವಳಲ್ಲ. ಮಗನ ಮುಖ ನೋಡಿದಳು, ಅಷ್ಟೆ. ಆಮೇಲೆ ಆ ಬಿಳಿ ಅರಳೆಯ ಕಲೆ ನೋಡಿದಳು. ನಿಂತ ಕಾಲಲ್ಲೇ ತಿರುಗಿ "ಅಯ್ಯ, ಸಾಂತಾಗ ಅರ್ಧಾ ಕಪ್ಪ ಕೊಡತಾರೇನು!" ಎನ್ನುತ್ತ ಒಳಗೆ ಹೋದಳು. ಮತ್ತೆ ಬಂದಾಗ ಕಪ್ಪು ತುಂಬಿ, ಉಕ್ಕಿ, ಕೆಳಗಿನ ಬಸಿಯೂ ತುಂಬಿತ್ತು. ದೊಡ್ಡ ಅತಿಥಿಗೆ ಹಾಗೆ ಬಸಿ ತುಂಬ ಕೊಡುವುದು ಆ ಕಡೆಯ ಮರ್ಯಾದೆ. ಹೊಗೆಯಾಡುವ ಆ ಕಪ್ಪು-ಬಸಿಯನ್ನು ಅವಳು ಸಾಯಿಮಾಳ ತಲೆಯ ಮೇಲಿಂದ ಅವನ ಎದೆಯವರೆಗೆ ಚಾಚಿದಳು.

"ಎರಡೂ ಕೈಲೆ ಹಿಡೀರಿ. ಕೂಸಿನ ಮ್ಯಾಲೆ ಚೆಲ್ಲತೈತಿ ನೋಡ್ರಿ."

ಅವನು ಹಿಡಿಯಲಿಲ್ಲ. ಅವಳು ಹಿಂದಕ್ಕೆ ತೆಗೆಯಲಿಲ್ಲ. ಬಗ್ಗಿ ನಿಂತಿದ್ದಳು. ಆ ವಯಸ್ಸಿನ ಸೊಂಟದಲ್ಲಿ ಬಗ್ಗಿ, ಬಸಿಯ ಅಂಚಿನವರೆಗೆ ಬಂದು ನಿಂತ ಚಹಾದ ಒಂದು ತೊಟ್ಟೂ ಅಲುಗದಂತೆ ಹಿಡಿದು ನಿಂತಿದ್ದಳು. ಎಂಥ ಕೈ ಅದು! ಈಗಲೂ, ಸ್ನಾನದ ನೀರು ಮೈಮೇಲೆ ಸುರಿದುಕೊಳ್ಳುತ್ತ, ಸಾಬೀರನಿಗೆ ಆ ಕೈಯೇ ಕಾಣುತ್ತಿತ್ತು. ಬೀಡಿ ಸುತ್ತಿ ತನ್ನನ್ನು ಸಾಕಿದ ಕೈ, ತುದಿಬೆರಳು ಹಳದಿಯಾದ ಕೈ. ತನ್ನ ತಾಯಿ ಇಂಥವಳೆಂದು ಅವನಿಗೆ ಅಂದಿನವರೆಗೆ ಗೊತ್ತೇ ಇರಲಿಲ್ಲ. ಮನುಷ್ಯನಿಗೆ ತಾಯಿಯ ಮೇಲೆ ಪ್ರೀತಿ ಇರುತ್ತದೆ, ಸಿಟ್ಟು ಇರುತ್ತದೆ; ಬೆರಗು ಇರುತ್ತದೆಯೆ? ಅವನಿಗಿತ್ತು. ಆ ಬೆರಗಿನ ಮುಂದೆ ತಾನು ಒದ್ದೆ ಪ್ಯಾಂಟಿನಲ್ಲಿ ಕೂತಿದ್ದ.

ಕೊನೆಗೆ ಚೀಲದೊಳಗಿನ ಕೈ ಹೊರಗೆ ಬಂತು. ಬರಿದಾಗಿತ್ತು. ಎಡಗೈ ಕೂಸನ್ನು ಬಿಟ್ಟಿತು. ಎರಡೂ ಕೈ ಸೇರಿಸಿ ಅವನು ಬಸಿ ಹಿಡಿದ.

"ಇಳಿ ಬೇಟಾ," ಎಂದಳು ಅಮೀರುನ್ನಿಸಾ, ದಿನವೂ ಹೇಳುವ ದನಿಯಲ್ಲಿಯೇ. "ಒಳಗ ಡಬ್ಬ್ಯಾಗ ಚಕ್ಕಲಿ ಅದಾವ. ಸಾಂತಾಗ ತೊಗೊಂಡ ಬಾ ಹೋಗು."

ಸಾಯಿಮಾ ಇಳಿದು ಒಳಗೆ ಹೋದಳು. ಓಡಲೂ ಇಲ್ಲ. ಅಮೀರುನ್ನಿಸಾ ಅಡುಗೆಮನೆಯ ಹೊಸ್ತಿಲಿಗೆ ಅಡ್ಡವಾಗಿ ಮಣೆ ಎಳೆದುಕೊಂಡು ಕೂತಳು. "ಮನಿಮನಿ ತಿರುಗಿ ದಣದೀರಿ. ಮುಖವಾಡ ಸ್ವಲ್ಪ ಎತ್ತಿ ಬಸೀಲೆ ಕುಡೀರಿ. ನಾವು ನೋಡಂಗಿಲ್ಲ." ಹಾಗೆಂದು ಮುಖವನ್ನು ಗೋಡೆಯ ಕಡೆಗೆ ತಿರುಗಿಸಿದಳು. ಸೊರ್ ಎಂದು ಚಹಾ ಎಳೆಯುವ ಸದ್ದು. ಎಷ್ಟೋ ದಿನದಿಂದ ಹೊಟ್ಟೆಗಿಲ್ಲದವನಂತೆ ಕುಡಿದ. ಕಪ್ಪು ಖಾಲಿಯಾದಾಗ ಅವಳು ಎದ್ದು, ಇನ್ನೊಂದು ಹಾಕಲೇ ಎಂದು ಕೇಳುತ್ತ, ಸೆರಗಿನ ಮರೆಯಲ್ಲಿ ಆ ಚೀಲವನ್ನು ಕಾಲಿನಿಂದ ಮಂಚದ ಅಡಿಗೆ ತಳ್ಳಿದಳು. ಸಾಬೀರ ನೋಡಿದ. ಮುಖವಾಡದವನು ನೋಡಲಿಲ್ಲ. ಮಾತಾಡಬಾರದ ಸಾಂತಾ ಆಗ ಮಾತಾಡಿದ. ತೀರ ಸಣ್ಣ ವಯಸ್ಸಿನ ದನಿ.

"ಸಕ್ರಿ ಸ್ವಲ್ಪ ಹೆಚ್ಚ ಹಾಕ್ರಿ, ಅವ್ವ."

ಅಷ್ಟರಲ್ಲಿ ಓಣಿಯ ತಿರುವಿನಿಂದ ಡೋಲಿನ ಸದ್ದು ಬಂತು. ಗಂಟೆ ಬಾರಿಸುತ್ತ ಪುಂಡಲೀಕ ತನ್ನ ಡೊಳ್ಳು ಹೊಟ್ಟೆ ಕುಣಿಸುತ್ತ ಹೊಸ್ತಿಲಿಗೆ ಬಂದು ನಿಂತ, ಬೆನ್ನಿಗೇ ಪೆದ್ರುವಿನ ಮೇಳ. ಇಬ್ಬರು ಸಾಂತಾಗಳು ಒಬ್ಬರನ್ನೊಬ್ಬರು ನೋಡಿದರು. ಎರಡೂ ಪ್ಲಾಸ್ಟಿಕ್ ಮುಖಗಳು ನಗುತ್ತಿದ್ದವು. ಕೂತವನು ತಟ್ಟನೆ ಬಗ್ಗಿ ಚೀಲಕ್ಕೆ ತಡಕಾಡಿದ. ಅದು ಇರಲಿಲ್ಲ. "ಪೆದ್ರೂ, ಹಿಡೀರಿ ಅವನ್ನ!" ಎಂದು ಅಮೀರುನ್ನಿಸಾ ಆಗ ಕೂಗಿದ ಕೂಗು ಮಿಲ್ಲಿನವರೆಗೆ ಕೇಳಿತಂತೆ. ಹಾಡುವವರೆಲ್ಲ ಮೈಮೇಲೆ ಬಿದ್ದರು. ಮುಖವಾಡ ಕಿತ್ತಾಗ ಒಳಗಿದ್ದದ್ದು ಮೀಸೆ ಸರಿಯಾಗಿ ಮೂಡದ ಒಂದು ಮುಖ. ಅವನನ್ನು ಡೋಲಿನ ಹಗ್ಗದಿಂದ ಕಟ್ಟುವಾಗಲೂ ಆ ಮುಖ ಅಡುಗೆಮನೆಯ ಬಾಗಿಲನ್ನೇ ನೋಡುತ್ತಿತ್ತು.

ಮನೆ ತುಂಬಿತು. ಯಾರೋ ಸಾಬೀರನ ಹೆಸರು ಹಿಡಿದು ಕರೆದರು. ಅವನು ಕುರ್ಚಿಯಿಂದ ಎದ್ದಿರಲಿಲ್ಲ, ಏಳುವುದು ಹೇಗೆ? ಎಲ್ಲರ ಕಣ್ಣು ಅವನ ಕಡೆ ತಿರುಗುವ ಹೊತ್ತಿಗೆ ಸರಿಯಾಗಿ ಅಮೀರುನ್ನಿಸಾ ಕಿಟ್ಲಿ ಹಿಡಿದು ಬಂದಳು, ಎಡವಿದಳು, ಕಿಟ್ಲಿಯೊಳಗಿನ ಚಹಾ ಅಷ್ಟೂ ಅವನ ತೊಡೆಯ ಮೇಲೆ ಬಿತ್ತು. ಚುರ್ ಎಂದು ಸುಟ್ಟಿತು. ಅವನು ಚೀರಿ ಎದ್ದುನಿಂತ. "ಅಯ್ಯಯ್ಯ, ಕೈ ನಡಗಿತ ನೋಡ್ರಿ ನಂದು," ಎಂದಳು ಅವಳು, ಎಲ್ಲರಿಗೂ ಕೇಳುವಂತೆ. "ವಯಸ್ಸಾತು. ಅಂಜಿಬಿಟ್ಟೆ." ಬಸಿಯ ತುದಿಯವರೆಗಿನ ಚಹಾವನ್ನು ತುಳುಕಿಸದೆ ಹಿಡಿದವಳು ನಡುಕವನ್ನು ತನ್ನ ಹೆಸರಿಗೆ ಬರೆದುಕೊಂಡಳು. ಆ ಸುಟ್ಟ ಜಾಗದ ಬೊಬ್ಬೆ ಇನ್ನೂ ಮಾಗಿಲ್ಲ. ಇಸ್ತ್ರಿಯ ಪ್ಯಾಂಟು ಹಾಕಿಕೊಳ್ಳುವಾಗ ಉರಿಯಿತು.

ಸಂಜೆ ಭವನ ತುಂಬಿತ್ತು. ಸನ್ಮಾನ ಏರ್ಪಡಿಸಿದ ಸಂಘದ ಅಧ್ಯಕ್ಷ ಕರಿಬಸಪ್ಪ ಕನ್ನಡಕ ಹಾಕಿ ತೆಗೆದು ಮಾತಾಡಿದರು. ತಂದೆಯೆಂದರೆ ಏನು, ಸಮಯಪ್ರಜ್ಞೆಯೆಂದರೆ ಏನು, ಬಂಡೆಗಲ್ಲಿನ ಹಾಗೆ ಕೂರುವುದೆಂದರೆ ಏನು. ಸಾಬೀರ ವೇದಿಕೆಯ ಮೇಲೆ ಕುರ್ಚಿಯ ತುದಿಯಲ್ಲಿ ಕೂತಿದ್ದ. ಮುಂದಿನ ಸಾಲಿನಲ್ಲಿ ಇಶ್ರತ ಹೊಸ ಓಢಣಿಯ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು, ಅವಳ ಪಕ್ಕ ಅಮೀರುನ್ನಿಸಾ, ಅವರ ನಡುವೆ ಕಾಲು ನೆಲಕ್ಕೆ ಮುಟ್ಟದೆ ಆಡಿಸುತ್ತ ಸಾಯಿಮಾ. ಜರಿಯ ಶಾಲು ಹೆಗಲಿಗೆ ಬಿತ್ತು. ಹಣ್ಣಿನ ಬುಟ್ಟಿ ಕೈಗೆ ಬಂತು. ಎರಡು ಮಾತಾಡ್ರಿ ಎಂದು ಮೈಕು ಕೊಟ್ಟರು. ಅವನು ಮಗಳನ್ನು ನೋಡಿದ. ಅವಳು ಕಾಲು ಆಡಿಸುವುದನ್ನು ನಿಲ್ಲಿಸಿದ್ದಳು.

"ನಾ ಏನೂ ಮಾಡಿಲ್ರಿ," ಎಂದ. ಮೈಕು ಕೀರಲಿಟ್ಟಿತು. "ನಾ ಧೈರ್ಯದ್ಲೆ ಸುಮ್ಮನ ಕುಂತಿರಲಿಲ್ಲ. ಅಂಜಿ ಕುಂತಿದ್ದೆ. ಕೈಕಾಲು ಬಿದ್ದುಹೋಗಿದ್ವು. ಕಣ್ಣಸನ್ನಿ ಗಿಣ್ಣಸನ್ನಿ ಏನೂ ಮಾಡಿಲ್ಲ ನಾ. ಎಲ್ಲಾ ನಮ್ಮ ಅಮ್ಮೀನ ಮಾಡಿದ್ದು."

ಒಂದು ಚಪ್ಪಾಳೆ ಕೇಳಿಸಿತು. ಮೊದಲ ಚಪ್ಪಾಳೆ ಹೊಡೆದವಳು ಅಮೀರುನ್ನಿಸಾ. ಮಗನ ಮಾತನ್ನು ಮುಳುಗಿಸಲೆಂದೇ ಹೊಡೆದಳು, ಜೋರಾಗಿ ಹೊಡೆದಳು, ಆಮೇಲೆ ಇಡೀ ಭವನ ಹೊಡೆಯಿತು. ಶೀಟಿ ಹಾಕಿದರು. ಕರಿಬಸಪ್ಪ ಮೈಕು ಕಸಿದುಕೊಂಡರು. "ನೋಡ್ರಿ! ಇದಕ್ಕ ಅಂತಾರ ದೊಡ್ಡ ಮನಶ್ಯಾ! ಮಾಡಿದ್ದನ್ನ ತಾಯಿ ಪಾದಕ್ಕ ಹಾಕಿದಾ!" ಸಾಬೀರನ ಅಳುಕನ್ನು ಈ ಊರಲ್ಲಿ ತೆಗೆದುಕೊಳ್ಳುವವರೇ ಇರಲಿಲ್ಲ.

ಮರಳುವಾಗ ಇಶ್ರತ ಮತ್ತು ಅಮೀರುನ್ನಿಸಾ ಹಣ್ಣಿನ ಬುಟ್ಟಿ ಹಿಡಿದು ಅಟೋದಲ್ಲಿ ಮುಂದೆ ಹೋದರು. ನಡೆದು ಬರುತ್ತೇನೆಂದು ಹಟ ಹಿಡಿದ ಸಾಯಿಮಾಳ ಕೈ ಹಿಡಿದು ಸಾಬೀರ ನಡೆದ. ಕಾಳಿ ನದಿಯ ಕಡೆಯಿಂದ ಥಂಡಿ ಗಾಳಿ ಬೀಸುತ್ತಿತ್ತು.

"ಅಬ್ಬಾ, ನೀ ಖರೇನ ಹೇಳಿದಿ. ಮತ್ತ ಅವರ್ಯಾಕ ಚಪ್ಪಾಳಿ ಹೊಡದ್ರು?" ಎಂದು ಸಾಯಿಮಾ ಅಪ್ಪನನ್ನು ಕೇಳಿದಳು.

ಸಾಬೀರನ ಕಾಲು ನಿಂತಿತು. "ಖರೇನಂತ ನಿನಗ್ಯಾರು ಹೇಳಿದ್ರು?"

"ಯಾರು ಹೇಳಬೇಕು? ನಾ ನೋಡಿದ್ನಲಾ. ಆ ಸಾಂತಾ ನನ್ನ ಹೊಟ್ಟಿ ಗಟ್ಟಿ ಹಿಡಿದಿದ್ದಾ, ಭಾಳ ನೋಯಾಕತ್ತಿತ್ತು. ಅಳಬೇಕಂತ ಮಾಡಿದ್ದೆ. ನಿನ್ನ ಮಾರಿ ನೋಡಿದೆ. ನೀ ಭಾಳ ಅಂಜಿದ್ದಿ." ಅವಳು ಅವನ ಬೆರಳುಗಳನ್ನು ಒಂದೊಂದಾಗಿ ಮಡಚುತ್ತ ಬಿಡಿಸುತ್ತ ಹೇಳುತ್ತಿದ್ದಳು. "ನಾ ಅತ್ತರ ನೀ ಇನ್ನೂ ಅಂಜತಿ ಅಂತ ಸುಮ್ಮನ ಕುಂತೆ."

ರಸ್ತೆಯ ಮೇಲೆ ಮರ ತುಂಬಿದ ಒಂದು ಲಾರಿ ಹಾದುಹೋಯಿತು. ಅದು ಹೋಗುವವರೆಗೆ ಸಾಬೀರ ಕಾದ.

"ನಿನಗ ಅಂಜಿಕಿ ಆಗಲಿಲ್ಲೇನು?"

"ಆತು. ಆದ್ರ ನೀ ಇದ್ದೆಲಾ ಅಲ್ಲೆ."

ಸಾಬೀರ ಹೆಗಲ ಮೇಲಿನ ಶಾಲು ತೆಗೆದು, ಮೊಣಕಾಲೂರಿ ಕೂತು, ಅವಳ ಸುತ್ತ ಹೊದಿಸಿದ. ಅದು ಅವಳ ಪಾದದವರೆಗೆ ಬಂತು. ಅವಳು ಮುಖ ಕಿವುಚಿ ಕತ್ತು ಉಜ್ಜಿಕೊಂಡಳು. "ಚುಚ್ಚತೈತಿ ಇದು," ಎಂದು ಸುತ್ತಿದ್ದನ್ನು ಬಿಚ್ಚಿ, ಅವನ ಹೆಗಲಿಗೇ ಹಾಕಿ, ದೊಡ್ಡವರು ಮಾಡುವಂತೆ ಎದೆಯ ಬಳಿ ಎರಡೂ ತುದಿ ಕೂಡಿಸಿದಳು. "ನೀನ ಹೊದ್ಕೊ. ನಡಗಾಕತ್ತೀದಿ."

ಓಣಿಯ ಬಾಯಲ್ಲಿನ ಕಟ್ಟೆಯ ಮೇಲೆ ಕೂತಿದ್ದವರು ಶಾಲು ಹೊದ್ದು ಬರುತ್ತಿರುವ ಅವನನ್ನು ಕಂಡು ಎದ್ದು ನಿಂತರು. ಸಾಬೀರ ಮಗಳ ಕೈ ಬಿಟ್ಟ. ಅವಳನ್ನು ಮುಂದೆ ಹೋಗಗೊಟ್ಟು, ತಾನು ಅವಳ ಹಿಂದೆ ನಡೆದ.